ಹಸಿ ಮಡಕೆ ಕಿಲ್ನ್‌ನಲ್ಲಿ ಸಿಡಿಯಬಾರದು ಅಂದರೆ: ಒಣಗಿಸುವುದರಿಂದ ಹಿಡಿದು ಮುಚ್ಚಳ ತೆರೆಯುವವರೆಗೆ

ಮೊದಲ ಸಲ ಕಿಲ್ನ್, ಅಂದರೆ ಮಡಕೆ ಸುಡುವ ಗೂಡಿನ ಒಳಗೆ ಮಡಕೆ ಸಿಡಿದಾಗ ಆ ಸದ್ದು ಏನೆಂದೇ ನನಗೆ ಗೊತ್ತಾಗಲಿಲ್ಲ. ದಪ್ಪ ಹಲಗೆ ಮುರಿದ ಹಾಗೆ ಟಪ್ ಅಂತ ಒಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮೀಟರ್ 130 ಡಿಗ್ರಿ ತೋರಿಸುತ್ತಿತ್ತು. ಮರುದಿನ ಮುಚ್ಚಳ ತೆಗೆದು ನೋಡಿದರೆ, ತುಂಬಾ ಆಸೆಯಿಂದ ಮಾಡಿದ್ದ ಹೂಜಿಯ ತಳ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿತ್ತು. ಚೂರುಗಳು ಹಾರಿ ಪಕ್ಕದ ಬಟ್ಟಲುಗಳನ್ನೂ ಒಡೆದು, ಕಾಯಿಲ್ (ಬಿಸಿ ಮಾಡುವ ತಂತಿಯ ಸುರುಳಿ) ಕೂರುವ ಸಂದುಗಳೊಳಗೆಲ್ಲ ತುಂಬಿಕೊಂಡಿದ್ದವು. ತಪ್ಪು ಆಗಿದ್ದು ಕಿಲ್ನ್‌ನಲ್ಲಲ್ಲ. ಮೇಲ್ಗಡೆ ಬೆಳ್ಳಗೆ ಕಂಡಿತು ಅಂತ ಆ ಹೂಜಿಯನ್ನು "ಒಣಗಿದೆ, ಸಾಕು" ಎಂದು ಎತ್ತಿಟ್ಟೆನಲ್ಲ, ಆಗಲೇ ಆಗಿಹೋಗಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಕಿಲ್ನ್ ಒಳಗೆ ಆ ದೊಣ್ಣೆ ಅಂದರೆ ಹಬೆ. ಒಂದು ಟೀ ಚಮಚ ನೀರು, ಅಂದರೆ ಬರೀ 5 ಮಿಲಿಲೀಟರ್, ಕುದಿದು ಹಬೆಯಾದರೆ 8 ಲೀಟರಿಗೂ ಜಾಸ್ತಿ ಜಾಗ ಬೇಡುತ್ತದೆ. ದಪ್ಪ ಗೋಡೆಯ ನಡುವೆ ಸಿಕ್ಕಿಬಿದ್ದ ನೀರಿಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಮಣ್ಣನ್ನು ಒಡೆದುಕೊಂಡೇ ಹೊರಗೆ ಬರುತ್ತದೆ.

ಮಣ್ಣಿನಲ್ಲಿ ಗಾಳಿಗುಳ್ಳೆ ಇದ್ದರೆ ಮಡಕೆ ಸಿಡಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಗಾಳಿ ಒಂದೇ ಇದ್ದರೆ ಮಡಕೆ ಸಿಡಿಯುವುದಿಲ್ಲ. ಪೂರ್ತಿ ಒಣಗಿದ ಮಡಕೆಯಲ್ಲಿ ಗುಳ್ಳೆ ಇದ್ದರೂ ಅದು ಸುಮ್ನೆ ಇರುತ್ತದೆ, ಬಿಸಿಯಾಗಿ ಹಿಗ್ಗಿದ ಗಾಳಿ ಮಣ್ಣಿನ ಸಣ್ಣ ರಂಧ್ರಗಳಿಂದ ನಿಧಾನಕ್ಕೆ ಆಚೆ ಹೋಗುತ್ತದೆ. ಗುಳ್ಳೆಯ ಸುತ್ತ ತೇವ ಉಳಿದಿದ್ದರೆ ಮಾತ್ರ ಕಷ್ಟ. ಹಾಗಂತ ಮಣ್ಣು ಚೆನ್ನಾಗಿ ನಾದುವುದನ್ನು ಬಿಡಬೇಡಿ. ತಿಗರಿ ಮೇಲೆ ಗುಳ್ಳೆ ಕೈಗೆ ಸಿಕ್ಕರೆ ಗೋಡೆ ಓಲಾಡುತ್ತದೆ, ಅದು ಬೇರೆ ತೊಂದರೆ.

ಒಣಗಿಸುವುದು

ತಿಗರಿ ಮೇಲೆ ಇರುವಾಗ ಹದವಾದ ಜೇಡಿಮಣ್ಣಿನಲ್ಲಿ ತೂಕದ ನೂರಕ್ಕೆ ಸುಮಾರು 20ರಿಂದ 25 ಭಾಗ ನೀರೇ ಇರುತ್ತದೆ. ಒಂದು ಕಿಲೋ ಮಣ್ಣಿನ ಮಡಕೆಯಿಂದ ಕಾಲು ಲೀಟರ್ ಹತ್ತಿರ ನೀರು ಆಚೆ ಹೋಗಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಮಣ್ಣಿನ ಕಣಗಳ ನಡುವೆ ಇದ್ದ ನೀರು ಹೋದಂತೆಲ್ಲ ಕಣಗಳು ಒಂದಕ್ಕೊಂದು ಹತ್ತಿರ ಬರುತ್ತವೆ, ಮಡಕೆ ಕುಗ್ಗುತ್ತದೆ. ಒಣಗುವಾಗಲೇ ಸಾಮಾನ್ಯವಾಗಿ ನೂರಕ್ಕೆ 5ರಿಂದ 8 ಭಾಗ ಕುಗ್ಗುತ್ತದೆ, ಮಣ್ಣು ಯಾವುದು ಅನ್ನುವುದರ ಮೇಲೆ ಹೆಚ್ಚು ಕಡಿಮೆ ಆಗಬಹುದು. ಕುಗ್ಗುವುದು ತಪ್ಪಲ್ಲ. ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಕುಗ್ಗಿದರೆ ಬಿರುಕು ಬರುತ್ತದೆ, ಅಷ್ಟೇ ವಿಷಯ.

ಬಾಯಂಚು ತೆಳ್ಳಗಿರುತ್ತದೆ, ಎರಡೂ ಕಡೆಯಿಂದ ಗಾಳಿ ಆಡುತ್ತದೆ, ಅದು ಮೊದಲು ಒಣಗುತ್ತದೆ. ತಳ ದಪ್ಪ, ಜೊತೆಗೆ ಹಲಗೆಗೆ ಅಂಟಿಕೊಂಡಿರುತ್ತದೆ, ಅದು ಕೊನೆಗೆ. ಕಪ್ಪಿನ ಹಿಡಿ ಅಂತೂ ಎಲ್ಲಕ್ಕಿಂತ ಮುಂಚೆ. ಹಾಗಾಗಿ ಒಣಗಿಸುವ ಕೆಲಸ ಅಂದರೆ ಬೇಗ ಒಣಗುವ ಭಾಗವನ್ನು ತಡೆದು, ತಡವಾಗುವ ಭಾಗ ಬಂದು ಸೇರುವವರೆಗೆ ಕಾಯಿಸುವುದು.

ನಾನು ಮಾಡುವುದು ಹೀಗೆ. ಮಾಡಿದ ದಿನ ಮಡಕೆಯನ್ನು ಮರದ ಹಲಗೆ ಮೇಲೆ, ಕೆಳಗೆ ಒಂದು ಹಾಳೆ ಪೇಪರ್ ಹಾಕಿ ಇಡುತ್ತೇನೆ. ಕುಗ್ಗುವಾಗ ತಳ ಹಲಗೆಗೆ ಕಚ್ಚಿಕೊಳ್ಳದೆ ಪೇಪರಿನ ಜೊತೆ ಜಾರಲಿ ಅಂತ. ದೊಡ್ಡ ತಟ್ಟೆಯಾದರೆ ಪೇಪರಿನ ಬದಲು ತೆಳ್ಳಗೆ ಮರಳು ಹರಡಿದರೂ ಆಗುತ್ತದೆ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹೊದಿಸಿ, ಫ್ಯಾನ್, ಕಿಟಕಿ ಗಾಳಿ, ಬಿಸಿಲು ಮೂರರಿಂದಲೂ ದೂರ ಇಡಬೇಕು. ಒಂದೇ ಕಡೆಯಿಂದ ಗಾಳಿ ಬೀಸಿದರೆ ಆ ಕಡೆ ಕುಗ್ಗಿ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗಿಬಿಡುತ್ತದೆ.

ಮಾರನೇ ದಿನ ಮುಟ್ಟಿ ನೋಡಿ. ಒತ್ತಿದರೆ ಬೆರಳಚ್ಚು ಬೀಳದೆ, ಉಗುರಲ್ಲಿ ಗೀರಿದರೆ ಮಾತ್ರ ಗೆರೆ ಬೀಳುವಷ್ಟು ಗಟ್ಟಿಯಾಗಿದ್ದರೆ ಅದು ಚರ್ಮದ ಹದ. ತಳ ಕೆತ್ತುವುದು, ಹಿಡಿ ಅಂಟಿಸುವುದು ಎಲ್ಲ ಈ ಹದದಲ್ಲೇ ಆಗಬೇಕು. ಹಿಡಿಯನ್ನೂ ಕಪ್ಪನ್ನೂ ಒಂದೇ ಹದದಲ್ಲಿ ಇಟ್ಟುಕೊಂಡು, ಎರಡೂ ಕಡೆ ಗೀರು ಹಾಕಿ, ಕೆನೆಯಂಥ ತೆಳು ಮಣ್ಣು ಹಚ್ಚಿ ಒತ್ತಿ ಕೂರಿಸಿ. ಆಮೇಲೆ ಒಂದು ರಾತ್ರಿ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಮುಚ್ಚಿಡಿ. ಆ ರಾತ್ರಿ ಎರಡರ ತೇವವೂ ಸಮ ಆಗುತ್ತದೆ. ಇದನ್ನು ಬಿಟ್ಟವರಿಗೇ ಜಾಸ್ತಿ ಹಿಡಿ ಬುಡದಲ್ಲಿ ಬಿರುಕು ಬರುವುದು. ಅಂಚು ಗಟ್ಟಿಯಾದ ಮೇಲೆ ಬಟ್ಟಲು, ಕಪ್ಪು ಎಲ್ಲ ಮಗುಚಿ ಬಾಯಿ ಕೆಳಗೆ ಮಾಡಿ ಇಡಿ, ತಳಕ್ಕೆ ಗಾಳಿ ಸಿಗಲಿ.

ತಳದ ನಡುವೆ ಎಸ್ ಅಕ್ಷರದ ಹಾಗೆ ತಿರುಗಿದ ಬಿರುಕು ಬರುತ್ತಿದೆಯಾ? ತಿಗರಿ ಮೇಲೆ ಇರುವಾಗಲೇ ತಳವನ್ನು ಬೆರಳಿಂದಲೋ ಮರದ ಪಟ್ಟಿಯಿಂದಲೋ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ನಾಲ್ಕೈದು ಸಲ ಒತ್ತಿ ಗಟ್ಟಿ ಮಾಡಿ, ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆದುಬಿಡಿ. ಈ ಎರಡನ್ನು ಮಾಡಿದರೆ ಆ ಬಿರುಕು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿರುವುದಿಲ್ಲ. ಕುಗ್ಗುವುದೆಲ್ಲ ಒಣಗುವ ಮೊದಲರ್ಧದಲ್ಲೇ ಮುಗಿದುಹೋಗುತ್ತದೆ. ಕಣಗಳು ಒಂದಕ್ಕೊಂದು ತಾಗಿದ ಮೇಲೆ ಕುಗ್ಗಲು ಜಾಗ ಇರುವುದಿಲ್ಲ, ಆಮೇಲೆ ಹೋಗುವುದು ರಂಧ್ರಗಳಲ್ಲಿ ಉಳಿದ ನೀರು ಮಾತ್ರ. ಅಂದರೆ ಮಡಕೆಯ ಬಣ್ಣ ಎಲ್ಲ ಕಡೆ ತಿಳಿಯಾದ ಮೇಲೆ ಬೆಚ್ಚಗಿನ ಜಾಗಕ್ಕೆ, ಬಿಸಿಲಿಗೂ ಇಟ್ಟುಕೊಳ್ಳಬಹುದು. ಅದಕ್ಕೆ ಮುಂಚೆ ಅವಸರ ಬೇಡ. 6ರಿಂದ 8 ಮಿಲಿಮೀಟರ್ ಗೋಡೆಯ ಬಟ್ಟಲಿಗೆ ಒಂದು ವಾರ, ದಪ್ಪದ್ದಕ್ಕೆ ಎರಡು ಮೂರು ವಾರ ಅಂತ ಇಟ್ಟುಕೊಂಡರೆ ಕೆಡುಕಿಲ್ಲ. ಮೂರ್ತಿಯಂಥದ್ದು ಮಾಡುವವರು 2 ಸೆಂಟಿಮೀಟರಿಗಿಂತ ದಪ್ಪ ಇರುವ ಕಡೆ ಒಳಗಿನಿಂದ ಕೊರೆದು ಟೊಳ್ಳು ಮಾಡಿ. ಪೂರ್ತಿ ಮುಚ್ಚಿದ ಟೊಳ್ಳಾದರೆ ಕಣ್ಣಿಗೆ ಕಾಣದ ಕಡೆ ಸೂಜಿಯಲ್ಲಿ ಒಂದು ತೂತು ಬಿಡಿ.

ಒಣಗಿದೆ ಅಂತ ಹೇಗೆ ಹೇಳುವುದು

ಕಣ್ಣನ್ನು ನಂಬಬೇಡಿ. ಮಡಕೆ ಎತ್ತಿ ತಳವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ಒಳಗೆ ನೀರಿದ್ದರೆ ಅದು ಆವಿಯಾಗುತ್ತಾ ಇರುತ್ತದೆ, ಹಾಗಾಗಿ ಒದ್ದೆ ಬಟ್ಟೆ ತಾಗಿದ ಹಾಗೆ ತಣ್ಣಗೆ ಅನ್ನಿಸುತ್ತದೆ. ಒಣಗಿದ್ದರೆ ಕೋಣೆಯಲ್ಲಿರುವ ಮರದ ಹಲಗೆಯಷ್ಟೇ ಬೆಚ್ಚಗಿರುತ್ತದೆ. ಅನುಮಾನ ಬಂದರೆ ಪಕ್ಕದಲ್ಲಿರುವ ಒಣಗಿದ ಹಳೇ ಚೂರನ್ನು ಇನ್ನೊಂದು ಕೆನ್ನೆಗೆ ತಾಗಿಸಿ ಹೋಲಿಸಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ದಪ್ಪದ ಮಡಕೆಗೆ ಕೆನ್ನೆ ಸಾಲದು, ತಕ್ಕಡಿ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇವತ್ತು ತೂಗಿ ಬರೆದಿಡಿ, ನಾಳೆ ತೂಗಿ, ನಾಡಿದ್ದು ತೂಗಿ. ಎರಡು ದಿನ ಸಾಲಾಗಿ ಒಂದೇ ತೂಕ ಬಂದರೆ ಆ ಹವೆಯಲ್ಲಿ ಅದು ಎಷ್ಟು ಒಣಗಬಹುದೋ ಅಷ್ಟು ಒಣಗಿದೆ ಅಂತ. ಆ ಹೂಜಿಯ ಮೇಲೆ ನಾನು ಮಾಡದೇ ಇದ್ದದ್ದು ಇದನ್ನೇ.

ಒಣಗಿದ, ಇನ್ನೂ ಸುಡದ ಮಡಕೆ ಬಹಳ ನಾಜೂಕು, ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಅಂಚು ಹಿಡಿದು, ಹಿಡಿ ಹಿಡಿದು ಎತ್ತಬೇಡಿ. ಎರಡೂ ಕೈ ತಳಕ್ಕೆ ಕೊಟ್ಟು ಎತ್ತಿ. ಬಿರುಕು ಕಂಡರೆ ನೀರು ಹಚ್ಚಿ ಸರಿಮಾಡಲು ಹೋಗಬೇಡಿ, ಒದ್ದೆಯಾದ ಕಡೆ ಹಿಗ್ಗಿ ಬಿರುಕು ಇನ್ನೂ ಓಡುತ್ತದೆ. ಆ ಮಡಕೆಯನ್ನು ಪುಡಿಮಾಡಿ ನೀರಿಗೆ ಹಾಕಿದರೆ ಮಣ್ಣು ವಾಪಸ್ ಸಿಗುತ್ತದೆ. ಸುಟ್ಟ ಮೇಲೆ ಆ ಅವಕಾಶ ಇಲ್ಲ.

ಮಡಕೆಗಿಂತ ಮುಂಚೆ ನಿಮ್ಮ ಜೀವ

ಒಣಮಣ್ಣಿನ ಅಂಚನ್ನು ಮರಳು ಕಾಗದದಿಂದ ಉಜ್ಜುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೂ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ವರ್ಷಗಟ್ಟಲೆ ಹೀಗೆ ಉಸಿರಾಡಿದರೆ ಸಿಲಿಕೋಸಿಸ್ ಅನ್ನುವ ರೋಗ ಬರುತ್ತದೆ, ಅದನ್ನು ವಾಸಿಮಾಡುವ ಔಷಧಿ ಇಲ್ಲ. ಒಣಗಿದಾಗ ಉಜ್ಜುವ ಬದಲು ಚರ್ಮದ ಹದದಲ್ಲೇ ಒದ್ದೆ ಸ್ಪಂಜಿನಿಂದ ನಯ ಮಾಡಿಕೊಳ್ಳಿ. ಉಜ್ಜಲೇಬೇಕಾದರೆ ಮನೆಯಾಚೆ, ಎನ್ 95 ಅಥವಾ ಅದಕ್ಕಿಂತ ಒಳ್ಳೆ ಮಾಸ್ಕ್ ಹಾಕಿಕೊಂಡು. ಕೆಲಸದ ಜಾಗವನ್ನು ಪೊರಕೆ ಹಾಕಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕಿಲ್ನ್ ಇಡುವ ಜಾಗ ಮಲಗುವ, ಕೂರುವ ಕೋಣೆ ಆಗಬಾರದು. ಸುತ್ತ ಎಲ್ಲ ಕಡೆ ಗೋಡೆಯಿಂದ ಕನಿಷ್ಠ 45 ಸೆಂಟಿಮೀಟರ್ ಬಿಡಿ, ಕೆಳಗೆ ಸಿಮೆಂಟ್ ಅಥವಾ ಇಟ್ಟಿಗೆ ನೆಲ ಇರಲಿ, ಪರದೆ, ರಟ್ಟು, ಪ್ಲಾಸ್ಟಿಕ್ ಯಾವುದೂ ಹತ್ತಿರ ಬೇಡ. ಮಣ್ಣಿನಲ್ಲಿರುವ ಕಸಕಡ್ಡಿ ಉರಿಯುವಾಗ ಇಂಗಾಲದ ಮೊನಾಕ್ಸೈಡ್ ಬರುತ್ತದೆ, ಕೆಲವು ಮಣ್ಣಿನಿಂದ ಗಂಧಕದ ಹೊಗೆಯೂ ಬರುತ್ತದೆ. ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆನೋವು ಬರುವ ಹೊತ್ತಿಗೆ ನೀವು ಅದನ್ನು ಕುಡಿದಾಗಿರುತ್ತದೆ. ಗಾಳಿ ಆಚೆ ಎಳೆಯುವ ಫ್ಯಾನ್ ಮತ್ತು ಮೊನಾಕ್ಸೈಡ್ ಅಲಾರಂ ಎರಡೂ ಇರಲಿ.

ವಿದ್ಯುತ್ ಕಿಲ್ನ್ ಆದರೆ ಅದಕ್ಕೇ ಅಂತ ಬೇರೆ ಲೈನು, ಬೇರೆ ಬ್ರೇಕರ್ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸುವ ಯೋಚನೆಯೇ ಬೇಡ, ಗಂಟೆಗಟ್ಟಲೆ ಪೂರ್ತಿ ಕರೆಂಟ್ ಎಳೆಯುವಾಗ ಆ ತಂತಿ ಕರಗುತ್ತದೆ. ತುಂಬುವಾಗ, ತೆಗೆಯುವಾಗ ಬ್ರೇಕರ್ ಇಳಿಸಿಬಿಡಿ. ಗ್ಯಾಸ್ ಕಿಲ್ನ್ ಆದರೆ ಮೊದಲು ಬೆಂಕಿ ಹಿಡಿದು ಆಮೇಲೆ ಗ್ಯಾಸ್ ತಿರುಗಿಸಿ. ನಡುವೆ ಜ್ವಾಲೆ ಆರಿದರೆ ಗ್ಯಾಸ್ ನಿಲ್ಲಿಸಿ, ಬಾಗಿಲು ತೆಗೆದು, ಒಳಗಿನ ಗ್ಯಾಸ್ ಪೂರ್ತಿ ಹೋಗುವವರೆಗೆ ಕಾಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಅದು ಹೋಗುವ ಮುಂಚೆ ಕಡ್ಡಿ ಗೀರಿದರೆ ಅನಾಹುತ.

ತುಂಬುವುದು

ಮೊದಲ ಸುಡುವಿಕೆಗೆ ಬಿಸ್ಕ್ ಅಂತಾರೆ. ಇದರಲ್ಲಿ ಗ್ಲೇಜ್ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ) ಇರುವುದಿಲ್ಲ, ಹಾಗಾಗಿ ಮಡಕೆಗಳು ಒಂದಕ್ಕೊಂದು ತಾಗಿದರೂ ಪರವಾಗಿಲ್ಲ. ಬಟ್ಟಲೊಳಗೆ ಬಟ್ಟಲು, ಬಾಯಿಗೆ ಬಾಯಿ ಜೋಡಿಸಿ ಇಡಬಹುದು, ಭಾರ ಅಂಚಿನ ಮೇಲೆ ನೇರ ಬೀಳಲಿ, ಒಂದು ಮೂಲೆಗೆ ಬೀಳಬಾರದು. ಭಾರದ್ದು ಕೆಳಗೆ. ಶೆಲ್ಫ್ ಕೂರಿಸಲು ಮೂರು ಕಾಲು ಸಾಕು, ನಾಲ್ಕಾದರೆ ಅಲುಗಾಡುತ್ತದೆ. ಮೇಲಿನ ಶೆಲ್ಫಿನ ಕಾಲು ಕೆಳಗಿನ ಕಾಲಿನ ಮೇಲೇ ನೇರಕ್ಕೆ ಬರಲಿ. ಕಾಯಿಲ್‌ನಿಂದ ಮತ್ತು ಬಿಸಿ ಅಳೆಯುವ ಥರ್ಮೊಕಪಲ್‌ನಿಂದ ಎರಡೂವರೆ ಸೆಂಟಿಮೀಟರ್ ದೂರ ಇರಲಿ.

ಗ್ಲೇಜ್ ಹಾಕಿ ಸುಡುವಾಗ ಈ ಸಲಿಗೆ ಇಲ್ಲ. ಕಿರುಬೆರಳು ತೂರುವಷ್ಟು ಜಾಗ ಪ್ರತಿ ಎರಡರ ನಡುವೆ ಬೇಕು, ತಳದಿಂದ 3 ಮಿಲಿಮೀಟರ್ ಮೇಲಿನವರೆಗೆ ಗ್ಲೇಜ್ ಒರೆಸಿ ತೆಗೆದಿರಬೇಕು. ಶೆಲ್ಫಿಗೆ ಕಯೋಲಿನ್ ಅನ್ನುವ ಬಿಳಿ ಜೇಡಿಮಣ್ಣು ಮತ್ತು ಅಲ್ಯುಮಿನಾ ಹೈಡ್ರೇಟ್ ಪುಡಿ ಸಮಸಮ ಕಲಸಿ ಬಳಿದಿದ್ದರೆ, ಗ್ಲೇಜ್ ಇಳಿದರೂ ಶೆಲ್ಫ್ ಉಳಿಯುತ್ತದೆ.

ಬಿಸಿ ಏರಿಸುವುದು

ಎಷ್ಟೇ ಒಣಗಿದ್ದರೂ ಗಾಳಿಯ ತೇವದಷ್ಟು ನೀರು ಮಡಕೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಕುದಿಯಲು ಬಿಡದೆ ಓಡಿಸಬೇಕು. 80ರಿಂದ 90 ಡಿಗ್ರಿಗೆ ಬಂದ ಮೇಲೆ ಅಲ್ಲೇ ನಿಲ್ಲಿಸಿ, ಮುಚ್ಚಳಕ್ಕೆ ಒಂದು ಸಣ್ಣ ಇಟ್ಟಿಗೆ ಚೂರು ಕೊಟ್ಟು ಎರಡು ಬೆರಳಿನಷ್ಟು ತೆರೆದಿಡಿ, ಕಿಂಡಿಗಳ ಬಿರಡೆ ತೆಗೆದುಬಿಡಿ. ತೆಳು ಬಟ್ಟಲುಗಳಿಗೆ ಮೂರ್ನಾಲ್ಕು ಗಂಟೆ, ದಪ್ಪ ಇದ್ದರೆ ಇಡೀ ರಾತ್ರಿ. ಮುಗಿಯಿತೋ ಇಲ್ಲವೋ ತಿಳಿಯಲು ಕನ್ನಡಿಯನ್ನು ಮೇಲಿನ ಕಿಂಡಿಯ ಮುಂದೆ ಕೆಲವು ಸೆಕೆಂಡ್ ಹಿಡಿಯಿರಿ. ಕನ್ನಡಿ ಮಂಜಾದರೆ ಇನ್ನೂ ನೀರು ಬರುತ್ತಿದೆ. ಒರೆಸಿ, ಕನ್ನಡಿ ಆರಿದ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿಯಿರಿ. ಅದು ತಿಳಿಯಾಗಿಯೇ ಉಳಿದರೆ ಮುಂದಕ್ಕೆ ಹೋಗಬಹುದು. ಈ ಒಂದು ಕನ್ನಡಿ ನನ್ನ ಎಷ್ಟೋ ಮಡಕೆಗಳನ್ನು ಉಳಿಸಿದೆ.

ಅಲ್ಲಿಂದ 150 ಡಿಗ್ರಿವರೆಗೆ ಗಂಟೆಗೆ 40ರಿಂದ 50 ಡಿಗ್ರಿಯಂತೆ ನಿಧಾನ. ಆಮೇಲೆ 600ರವರೆಗೆ ಗಂಟೆಗೆ 100 ಡಿಗ್ರಿ ಮೀರಬೇಡಿ. ಈ ದಾರಿಯಲ್ಲಿ ಎರಡು ಕೆಲಸ ನಡೆಯುತ್ತದೆ. 350ರ ಆಸುಪಾಸಿನಿಂದ 600ರವರೆಗೆ ಮಣ್ಣಿನ ಕಣದೊಳಗೇ ರಾಸಾಯನಿಕವಾಗಿ ಸೇರಿಕೊಂಡ ನೀರು ಹೊರಡುತ್ತದೆ. ಶುದ್ಧ ಕಯೋಲಿನ್‌ನಲ್ಲಿ ಇದು ತೂಕದ ನೂರಕ್ಕೆ 14 ಭಾಗದಷ್ಟಿರುತ್ತದೆ. ಇದು ಹೋದ ಮೇಲೆ ಮಡಕೆಯನ್ನು ಎಷ್ಟು ದಿನ ನೀರಲ್ಲಿ ನೆನೆಸಿದರೂ ಮತ್ತೆ ಮಣ್ಣಾಗುವುದಿಲ್ಲ. ಇನ್ನೊಂದು, 573 ಡಿಗ್ರಿಯಲ್ಲಿ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ರೂಪ ಬದಲಿಸಿ ಒಮ್ಮೆಗೇ ಹಿಗ್ಗುತ್ತವೆ. ಇಡೀ ಮಡಕೆ ಒಟ್ಟಿಗೆ ಈ ಗಡಿ ದಾಟಿದರೆ ಏನೂ ಆಗುವುದಿಲ್ಲ, ಒಂದು ಕಡೆ ಮೊದಲು ದಾಟಿದರೆ ಬಿರುಕು. ಅಗಲವಾದ ತಟ್ಟೆಗಳಿಗೆ ಈ ಭಯ ಜಾಸ್ತಿ. ನಾನು 550ರಿಂದ 600ರವರೆಗೆ ಗಂಟೆಗೆ 60 ಡಿಗ್ರಿ ಇಡುತ್ತೇನೆ.

600 ದಾಟಿದ ಮೇಲೆ ಮುಚ್ಚಳ ಹಾಕಿ ವೇಗ ಸ್ವಲ್ಪ ಹೆಚ್ಚಿಸಬಹುದು, ಗಂಟೆಗೆ 100ರಿಂದ 120. ಆದರೆ ಮೇಲಿನ ಒಂದು ಕಿಂಡಿ 900ರವರೆಗೆ ತೆರೆದೇ ಇರಲಿ. ಮಣ್ಣಿನೊಳಗಿನ ಇಂಗಾಲ ಪೂರ್ತಿ ಉರಿಯಲು ಗಾಳಿ ಬೇಕು. ಇಲ್ಲದಿದ್ದರೆ ಗೋಡೆಯ ನಡುವೆ ಕಪ್ಪು ಪದರ ಉಳಿದು, ಮುಂದೆ ಗ್ಲೇಜ್ ಸುಡುವಾಗ ಅದು ಗುಳ್ಳೆಯೇಳುತ್ತದೆ. ಒಂದು ಮಡಕೆ ಒಡೆದು ಅಡ್ಡಸೀಳು ನೋಡಿದರೆ ನಿಮಗೇ ಕಾಣುತ್ತದೆ, ಎರಡು ಕಡೆ ಕೆಂಪು, ನಡುವೆ ಇದ್ದಿಲಿನಂಥ ಗೆರೆ.

ಸೌದೆ ಹಾಕುವ ಆವಿಗೆಗೂ ಕ್ರಮ ಇದೇ. ಮೀಟರ್ ಇಲ್ಲದ ಕಡೆ ಮೊದಲ ಕೆಲವು ಗಂಟೆ ಹೊಗೆಯ ಬಿಸಿ ಮಾತ್ರ ತಾಗುವ ಹಾಗೆ ಸಣ್ಣ ಬೆಂಕಿ ಹಾಕಿ, ಆಮೇಲೆ ಬಣ್ಣ ನೋಡಿಕೊಂಡು ಹೋಗಬೇಕು. ಕತ್ತಲಲ್ಲಿ ಮಂದ ಕೆಂಪು ಕಂಡರೆ ಸುಮಾರು 600, ಒಳ್ಳೆ ಕೆಂಪಾದರೆ 800ರ ಹತ್ತಿರ, ಕಿತ್ತಳೆಗೆ ತಿರುಗಿದರೆ 950ರಿಂದ 1000.

ಕೋನ್ ನೋಡಿ ನಿಲ್ಲಿಸಿ

ಮಣ್ಣು ಬೇಯುವುದು ಬಿಸಿಯೊಂದರಿಂದಲೇ ಅಲ್ಲ, ಎಷ್ಟು ಹೊತ್ತು ಆ ಬಿಸಿಯಲ್ಲಿತ್ತು ಅನ್ನುವುದೂ ಸೇರುತ್ತದೆ. ಮೀಟರ್ ಬರೀ ಬಿಸಿ ಹೇಳುತ್ತದೆ, ಕೋನ್ ಎರಡನ್ನೂ ಸೇರಿಸಿ ಹೇಳುತ್ತದೆ. ಮಣ್ಣಿನಂಥದ್ದೇ ಮಿಶ್ರಣದಿಂದ ಮಾಡಿದ ಸಣ್ಣ ಮೊನಚು ಗೋಪುರ ಅದು. ಹರ್ಮನ್ ಜೆಗರ್ 1886ರಲ್ಲಿ ಬರ್ಲಿನ್‌ನಲ್ಲಿ ಈ ಕೋನ್‌ಗಳನ್ನು ತಂದರು, 1896ರಲ್ಲಿ ಎಡ್ವರ್ಡ್ ಆರ್ಟನ್ ಅಮೆರಿಕದಲ್ಲಿ ಶುರು ಮಾಡಿದ ಕೋನ್‌ಗಳ ಸಂಖ್ಯೆಗಳನ್ನೇ ಈಗ ಬಹಳ ಕಡೆ ಬಳಸುವುದು. ಕಿಂಡಿಯಿಂದ ಕಾಣುವ ಹಾಗೆ ಮೂರು ಕೋನ್ ಸಾಲಾಗಿ ಇಡಿ, ಬೇಕಾದದ್ದು ನಡುವೆ, ಒಂದು ಹಂತ ಕಮ್ಮಿಯದು ಒಂದು ಕಡೆ, ಒಂದು ಹಂತ ಜಾಸ್ತಿಯದು ಇನ್ನೊಂದು ಕಡೆ. ಮೊದಲನೆಯದು ಬಾಗಿದರೆ ಹತ್ತಿರ ಬಂದಿದ್ದೀರಿ. ನಡುವಿನದು ಬಾಗಿ ಅದರ ತುದಿ ನೆಲ ಮುಟ್ಟಿದರೆ ನಿಲ್ಲಿಸಿ.

ಸಂಖ್ಯೆ ಓದುವಾಗ ಹುಷಾರು. ಮುಂದೆ ಸೊನ್ನೆ ಇರುವ ಸಂಖ್ಯೆಗಳು ಹಿಮ್ಮುಖ, 04 ಅನ್ನುವುದು 06ಕ್ಕಿಂತ ಜಾಸ್ತಿ ಬಿಸಿ. ಬಿಸ್ಕ್‌ಗೆ ಸಾಮಾನ್ಯವಾಗಿ 06ರಿಂದ 04, ಅಂದರೆ ಸುಮಾರು 1000ದಿಂದ 1060 ಡಿಗ್ರಿ. ಸೊನ್ನೆ ಇಲ್ಲದ 6 ಅಂದರೆ 1220 ಡಿಗ್ರಿಗೂ ಮೇಲೆ. ಕಂಟ್ರೋಲರ್‌ನಲ್ಲಿ ಒಂದು ಸೊನ್ನೆ ಒತ್ತಲು ಮರೆತರೆ 200 ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಕಡಿಮೆ ಬಿಸಿಯ ಕೆಂಪು ಮಣ್ಣಾಗಿದ್ದರೆ ಮಡಕೆ ಕರಗಿ ಶೆಲ್ಫಿನ ಮೇಲೆ ಹರಿದಿರುತ್ತದೆ. ಬಟನ್ ಒತ್ತುವ ಮುಂಚೆ ಎರಡು ಸಲ ಗಟ್ಟಿಯಾಗಿ ಓದಿಕೊಳ್ಳಿ.

ಕಿಂಡಿಯಲ್ಲಿ ಬರಿಗಣ್ಣಿನಿಂದ ಇಣುಕಬೇಡಿ. ಆ ಬಿಸಿಯ ಕಿರಣ ಕಣ್ಣಿಗೆ ನಿಧಾನಕ್ಕೆ ಪೊರೆ ತರುತ್ತದೆ. ಇನ್‌ಫ್ರಾರೆಡ್ ತಡೆಯುವ 3ರಿಂದ 5ನೇ ಶೇಡಿನ ವೆಲ್ಡಿಂಗ್ ಕನ್ನಡಕ ಹಾಕಿಕೊಳ್ಳಿ, ಅದರಲ್ಲಿ ಕೋನ್ ಕೂಡ ಚೆನ್ನಾಗಿ ಕಾಣುತ್ತದೆ. ಕೈಗೆ ಬಿಸಿ ತಡೆಯುವ ಗ್ಲೌಸ್, ಮೈಗೆ ಹತ್ತಿ ಬಟ್ಟೆ, ಕೂದಲು ಕಟ್ಟಿರಲಿ. ತಾನೇ ಆಫ್ ಆಗುತ್ತದೆ ಅಂತ ನಂಬಿ ಕೊನೆಯ ಗಂಟೆಗಳಲ್ಲಿ ಹೊರಗೆ ಹೋಗಬೇಡಿ. ಕರೆಂಟ್ ಆನ್ ಆಫ್ ಮಾಡುವ ರಿಲೇ ಅಂಟಿಕೊಂಡರೆ ಕಿಲ್ನ್ ನಿಲ್ಲದೆ ಬಿಸಿಯಾಗುತ್ತಲೇ ಇರುತ್ತದೆ.

ಆರಲು ಬಿಡುವುದು

ಆಫ್ ಮಾಡಿದ ಮೇಲೆ ಕಿಂಡಿಗಳನ್ನೆಲ್ಲ ಮುಚ್ಚಿ ಬಿಟ್ಟುಬಿಡಿ. ಏರುವಾಗ ಹಿಗ್ಗಿದ ಬೆಣಚುಕಲ್ಲು ಇಳಿಯುವಾಗ 573ರಲ್ಲಿ ಮತ್ತೆ ಕುಗ್ಗುತ್ತದೆ. ಹೆಚ್ಚು ಬಿಸಿಗೆ ಸುಟ್ಟ ಕೆಲವು ಮಣ್ಣುಗಳಲ್ಲಿ ಸುಮಾರು 226 ಡಿಗ್ರಿಯಲ್ಲಿ ಕ್ರಿಸ್ಟೊಬಲೈಟ್ ಅನ್ನುವ ಸಿಲಿಕಾದ ಇನ್ನೊಂದು ರೂಪ ಇನ್ನೊಮ್ಮೆ ಕುಗ್ಗುತ್ತದೆ. ಒಳಗೆ ಏನಾಗಿದೆ ನೋಡೋಣ ಅಂತ 250 ಡಿಗ್ರಿಯಲ್ಲಿ ಮುಚ್ಚಳ ಎತ್ತಿದರೆ, ತಣ್ಣನೆ ಗಾಳಿ ತಾಗಿದ ಕಡೆ ಟಿಂಗ್ ಅಂತ ಸೀಳು ಬರುವುದು ಇದರಿಂದಲೇ. ಆ ಆಸೆ ಎಷ್ಟು ಎಳೆಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ 100 ಡಿಗ್ರಿಗಿಂತ ಕೆಳಗೆ ಬರುವವರೆಗೆ ಮುಟ್ಟಬೇಡಿ. ಸಣ್ಣ ಕಿಲ್ನ್‌ಗೆ ಅರ್ಧ ದಿನ, ದಪ್ಪ ಇಟ್ಟಿಗೆಯದಕ್ಕೆ ಒಂದು ದಿನಕ್ಕೂ ಜಾಸ್ತಿ ಬೇಕು. 100ಕ್ಕೆ ಬಂದ ಮೇಲೂ ಒಮ್ಮೆಗೇ ತೆರೆಯದೆ ಮುಚ್ಚಳ ಸ್ವಲ್ಪ ಎತ್ತಿಟ್ಟು, ಬರಿಗೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಹೊರಗೆ ತೆಗೆಯಿರಿ.

ತೆಗೆದ ಪ್ರತಿ ಮಡಕೆಯನ್ನೂ ಅಂಗೈ ಮೇಲೆ ಕೂರಿಸಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕೇಳಿ. ಗಂಟೆಯ ಹಾಗೆ ನಾದ ಎಳೆದರೆ ಸರಿಯಾಗಿದೆ. ಡಬ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಆ ಜಾಗ ಕಾಣದಿದ್ದರೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಮೈ ಆರುತ್ತಾ ಬಂದಂತೆ ಬಿರುಕಿನ ಗೆರೆ ಮಾತ್ರ ಸ್ವಲ್ಪ ಹೊತ್ತು ಕಪ್ಪಗೆ ಉಳಿಯುತ್ತದೆ. ಅಂಥದ್ದಕ್ಕೆ ಗ್ಲೇಜ್ ಹಾಕಿ ಇನ್ನೊಂದು ಸುಡುವಿಕೆಯ ಶ್ರಮ ಕೊಡಬೇಡಿ, ಗ್ಲೇಜ್ ಬಿರುಕನ್ನು ಮುಚ್ಚುವುದಿಲ್ಲ, ಇನ್ನೂ ಅಗಲ ಮಾಡುತ್ತದೆ.

ಕೊನೆಗೆ ಬ್ರೇಕರ್ ಇಳಿಸಿ, ಮಾಸ್ಕ್ ಹಾಕಿಕೊಂಡು, ಕಾಯಿಲ್ ಕೂರುವ ಸಂದುಗಳಲ್ಲಿ ಬಿದ್ದ ಚೂರುಪುಡಿಗಳನ್ನು ಮೆದು ಬ್ರಷ್‌ನಿಂದ ಸಡಿಲಿಸಿ, ನುಣುಪು ದೂಳು ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಎಳೆದುಬಿಡಿ. ಗ್ಲೇಜ್ ತಾಗಿದ ಒಂದು ಚೂರು ಅಲ್ಲಿ ಉಳಿದರೂ ಮುಂದಿನ ಸಲ ಅದು ಕರಗಿ ಕಾಯಿಲನ್ನು ತಿನ್ನುತ್ತದೆ. ಶೆಲ್ಫಿನ ಮೇಲೆ ಗ್ಲೇಜ್ ಹನಿ ಅಂಟಿದ್ದರೆ ಉಳಿಯಿಂದ ಚಕ್ಕೆ ತೆಗೆಯುವಾಗ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಆ ಚಕ್ಕೆ ಗಾಜಿನಷ್ಟೇ ಹರಿತ. ಶೆಲ್ಫ್ ಒರೆಸಿ ಬಳಿದಿಟ್ಟರೆ ಮುಂದಿನ ಸುಡುವಿಕೆಗೆ ಅದೂ ಒಣಗಿರಬೇಕು, ಒದ್ದೆ ಶೆಲ್ಫ್ ಕೂಡ ಮಡಕೆಯಂತೆಯೇ ಸೀಳುತ್ತದೆ.